ಪವರ್ಗ

ಶನಿವಾರ ನಾಲ್ಕೂವರೆ, ಚಹಾ ಆದ ಮೇಲೆ, ಮಾತ್ರೆ ಕೊಡುವ ಮೊದಲು:
ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆ.
ಏಳು ಹಾಡು ಹಿಡಿದೀತು. ಕೆಮ್ಮಿಗೆ, ನಡುವೆ ಎದ್ದು ಹೋಗುವವರ
ವಾಕರಿನ ಟಕ್ಕು ಟಕ್ಕಿಗೆ ಜಾಗ ಬಿಟ್ಟರೆ
ಆರು.

ಐರಿನಳ ಮನೆಯ ಜಗಲಿಯಲ್ಲಿ ಕೂತು ಪಟ್ಟಿ ಮಾಡಿದೆವು
ಹಳೆಯ ಡೈರಿಯ ಹಿಂದಿನ ಪುಟದಲ್ಲಿ.
ದೋಣಿ ದಾಟುವ ಹಾಡು ಬೇಡ ಎಂದ ಜಯರಾಮ ಬೆಳ್ಚಡ,
ಆಚೆ ದಡ ಯಾವುದೆಂದು ಅವರಿಗೆ ಗೊತ್ತಾಗುತ್ತದೆ.
ದೀಪ ಸಣ್ಣಗಾಗುವ ಹಾಡು, ಅದೂ ಬೇಡ.
ತವರಿನ ಹಾಡಿಗೆ ಹೋದ ತಿಂಗಳು ಸೆವ್ರಿನ್ ಬಾಯಿ
ನೈಟಿಯಲ್ಲಿ ಇಲ್ಲದ ಸೆರಗು ಹುಡುಕಿ ಕಣ್ಣೊರೆಸಿದ್ದರು.
ಎಳೆ ಗೀಟು.
ಜೋಗುಳ? ಯಾರು ಯಾರನ್ನು ಮಲಗಿಸುವುದು ಮಾರಾಯ.
ಗೀಟು.
ಕೊನೆಗೆ ಉಳಿದದ್ದು ಒಂದೇ ಒಂದು ಚಂದ್ರನ ಹಾಡು,
ಅದರ ಮೂರನೇ ಚರಣದಲ್ಲಿ ಗ್ರಹಣ.

ನಾನು ಲೆಕ್ಕ ಹಾಕಿದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ
ಕೂಡಿ ಕಳೆದವಳಿಗೆ ಬೇರೆ ಎಂತ ಬರುತ್ತದೆ?
ಈಗ ಎಂಬತ್ತೆರಡು ಎಂದರೆ ಇಪ್ಪತ್ತಾಗಿದ್ದು ಯಾವಾಗ?
ಅಯ್ಯೋ, ಅವರ ಅಜ್ಜಿಯ ಹಾಡನ್ನು ಅವರಿಗೆ ಒಯ್ಯುತ್ತಿದ್ದೆವು!
ಕಿವಿಗೆ ಪೆನ್ಸಿಲು ಸಿಕ್ಕಿಸಿ, ಫುಟ್‌ಬೋರ್ಡಿನಲ್ಲಿ ಒಂಟಿಕಾಲಲ್ಲಿ
ಸಿಳ್ಳೆ ಹಾಕಿದ ಕಂಡಕ್ಟರು ಸುಂದರ ಸಾಲ್ಯಾನರನ್ನು
ಕೈ ಮುಗಿಸಿ ಭಜನೆಗೆ ಕೂರಿಸಿದ್ದೆವು.
ಪುಟ ತಿರುಗಿಸಿದೆವು. ಸಿಳ್ಳೆ ಹಾಕಲು ಬರುವಂಥದ್ದು ಎರಡು,
ತುಸು ಪೋಲಿ ಒಂದು,
ಅವರೂ ಸೇರಿ ಹಾಡಲಿ ಎಂದು ಶ್ರುತಿಯನ್ನು
ಕಪ್ಪು ನಾಲ್ಕರಿಂದ ಬಿಳಿ ನಾಲ್ಕಕ್ಕೆ ಇಳಿಸಿದೆವು.

ಎಲ್ಲ ಚೆನ್ನಾಗಿಯೇ ಆಯಿತು. ಸಾಲ್ಯಾನರ ಸಿಳ್ಳೆಗೆ
ಅಡುಗೆಯ ಹುಡುಗಿ ಹೊರಗೆ ಬಂದು ನೋಡಿದಳು.
ಮುಂದಿನ ಕುರ್ಚಿಯ ವಾರಿಜಕ್ಕ ಮಾತ್ರ
ರೆಪ್ಪೆ ಅಲುಗಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.
ನನಗೆ ಹಲ್ಲಿನ ಸೆಟ್ಟು ಜಾರಿತೋ ಎಂದು ಗಾಬರಿ.
ಮುಗಿದ ಮೇಲೆ ಕೈ ಹಿಡಿದು ಅಂದರು:
‘ನಿನ್ನ ಪದ ತೋಜುಜಿ, ಮಗಾ.’
ಹಾಡು ಕಾಣುವುದಿಲ್ಲವಂತೆ.

ಜೆಪ್ಪಿನ ಹಂಚಿನ ಕಾರ್ಖಾನೆಗೆ ಅವರು ಹೋದದ್ದು ಹದಿಮೂರಕ್ಕೆ.
ಪ್ರೆಸ್ಸಿನ ಸದ್ದಿಗೆ ತನ್ನ ಕೂಗು ತನಗೇ ಕೇಳದು.
ಮಣ್ಣು ಹೊರುವ ಸಾಲಿನಿಂದ ಒಬ್ಬಳು ಒಂದು ಸಾಲು ಬಿಟ್ಟರೆ
ಹಂಚು ಒಣಗಿಸುವ ಸಾಲಿನವಳು ತುಟಿ ನೋಡಿ ಮುಂದಿನದು ಎತ್ತುತ್ತಿದ್ದಳಂತೆ.
ಮೇಸ್ತ್ರಿಗೆ ಬೈದದ್ದೂ ಹಾಡಿನಲ್ಲಿಯೇ, ಅವನ ಎದುರೇ.
‘ಪೇಪರು ಓದುತ್ತಿದ್ದ, ತುಟಿ ಓದಲು ಬರುತ್ತಿರಲಿಲ್ಲ ಪಾಪದವನಿಗೆ.
ನನ್ನ ಕಿವಿ ಅಲ್ಲಿಯೇ ಹೋದದ್ದು, ಈಗ ಅಲ್ಲ.
ನೀನು ಪೆಟ್ಟಿಗೆ ನೋಡಿಕೊಂಡು ಹಾಡುತ್ತಿ.’

ಈಗ ರಾತ್ರಿ, ಬಚ್ಚಲಿನ ಕನ್ನಡಿಯ ಮುಂದೆ
ದನಿ ಇಲ್ಲದೆ ಹಾಡುಗಳನ್ನು ಆರಿಸುತ್ತಿದ್ದೇನೆ.
ಕ ಗ ಗಂಟಲಿನಲ್ಲೇ ಹೂತುಹೋಗುತ್ತವೆ,
ತ ದ ಹಲ್ಲಿನ ಹಿಂದೆ ಅಡಗಿ ಕೂರುತ್ತವೆ,
ಟ ಠ ಅಂತೂ ಕೇಳಬೇಡಿ.
ಎದುರು ಬಂದು ನಿಲ್ಲುವುದು ಪವರ್ಗ ಒಂದೇ,
ಒಂದನೇ ಕ್ಲಾಸಿನಲ್ಲಿ ಕೋಲಿಗೆ ಹೆದರಿ ಒದರಿದ್ದು.
ಅದಕ್ಕೂ ಮುಖ ಒಂದೇ. ಪಾಪ ಎಂದರೂ ಮಾಮ ಎಂದರೂ ಹೀಗೆಯೇ,
ಯಾವುದೆಂದು ತೀರ್ಮಾನಿಸುವುದು ನೋಡಿದವರಿಗೆ ಬಿಟ್ಟದ್ದು.
ಚಂದ್ರ ನಪಾಸು.
ನಾವು ಗೀಟು ಎಳೆದ ದೋಣಿಯ ಹಾಡು
ಸಾಲಿಗೆ ಮೂರು ಸಲ ತುಟಿ ಕೂಡಿಸಿ ಬಿಡಿಸುತ್ತದೆ.
ಅದರ ಮುಂದೆ ಒಂದು ಸರಿ ಹಾಕಿದೆ.

ಇಂದು ಪೆಟ್ಟಿಗೆಯನ್ನು ಓರೆ ಇಟ್ಟು
ಅವರ ಎದುರೇ ಕೂತು ಹಾಡಿದೆ, ದಡದ ತನಕ.
ಯಾರೂ ಅಳಲಿಲ್ಲ. ವಾರಿಜಕ್ಕನ ತುಟಿಯೂ ಆಡುತ್ತಿತ್ತು,
ದನಿ ಇಲ್ಲ, ತಾಳ ಮಾತ್ರ ನನ್ನದೇ.
ಎರಡನೇ ಚರಣಕ್ಕೆ ಗೊತ್ತಾಯಿತು, ಅದು ನನ್ನ ಹಾಡಲ್ಲ.
ಪಕ್ಕದಲ್ಲಿ ಸೆವ್ರಿನ್ ಬಾಯಿ ಬಾಯಿಗೆ ಟವಲು ಒತ್ತಿ ನಗುತ್ತಿದ್ದರು.
ಮೇಸ್ತ್ರಿಯದ್ದೇ ಇರಬೇಕು.
ನಾನು ಬಾತೆ ಬಿಡದೆ ನುಡಿಸಿದೆ.